ಯಾದೃಚ್ಛಿಕ ನಡಿಗೆಯ ಪಾಠಕ್ರಮ: ಒಂದು ವಿಮರ್ಶೆ

ಗ್ರಾಫ್‌ಗಳ ಮೇಲಿನ ಯಾದೃಚ್ಛಿಕ ನಡಿಗೆಯನ್ನು ವಿಶ್ವವಿದ್ಯಾನಿಲಯಗಳಲ್ಲಿ ಬೋಧಿಸುವವರಿಗೆ, ಪೀಟರ್ ಡಾಯ್ಲ್ ಮತ್ತು ಲಾರೀ ಸ್ನೆಲ್ ಅವರು 1984ರಲ್ಲಿ ಪ್ರಕಟಿಸಿದ, ಈ ನಡಿಗೆಗೂ ವಿದ್ಯುಜ್ಜಾಲಗಳಿಗೂ ಇರುವ ಸಂಬಂಧವನ್ನು ಕುರಿತ ಕಿರುಹೊತ್ತಗೆ ಸುಪರಿಚಿತವಾದುದು. ಇತಿಹಾಸದ ಅಧ್ಯಾಪಕರಾದ ನಾವು ಅದನ್ನು ವಿಮರ್ಶಿಸ ಹೊರಟುದು ಕೆಲವರಿಗೆ ಅನಧಿಕಾರ ಚೇಷ್ಟೆಯೆಂದು ತೋರಬಹುದು. ಆದರೆ ಒಂದು ಶಾಸ್ತ್ರವು ತನ್ನ ಹುಟ್ಟನ್ನು ವಿದ್ಯಾರ್ಥಿಗೆ ಹೇಗೆ ತಿಳಿಸುತ್ತದೆಯೆಂಬುದು ಇತಿಹಾಸದ ಪ್ರಶ್ನೆಯೂ ಹೌದು.

ಇಲ್ಲಿ ಗ್ರಾಫ್ ಎಂದರೆ ಚೌಕುಳಿ ಹಾಳೆಯ ಮೇಲಣ ವಕ್ರರೇಖೆಯಲ್ಲ. ಕೆಲವು ಬಿಂದುಗಳು, ಅವನ್ನು ಕೂಡಿಸುವ ಗೆರೆಗಳು, ಇಷ್ಟೇ. (‘ನಕ್ಷೆ’ ಎಂದರೆ ಓದುಗರ ಮನಸ್ಸು ಭೂಗೋಳದ ಕಡೆಗೆ ಹರಿಯುವುದರಿಂದ ಆ ಮಾತನ್ನು ಬಿಟ್ಟಿದ್ದೇವೆ.) ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂವಿನಲ್ಲಿ ಒಬ್ಬನು ಮೂಲೆಮೂಲೆಯಲ್ಲಿಯೂ ನಾಣ್ಯ ಚಿಮ್ಮಿದಂತೆ ಹಿಂದಕ್ಕೋ ಮುಂದಕ್ಕೋ ನಡೆಯುತ್ತಾನೆ; ಒಂದು ತುದಿಯಲ್ಲಿ ಮನೆ, ಇನ್ನೊಂದು ತುದಿಯಲ್ಲಿ ಪಾನಗೃಹ. ಅವನು ಮೊದಲು ಮನೆ ಸೇರುವ ಸಂಭವನೀಯತೆಯೆಷ್ಟು? ಬೀದಿಯನ್ನು ಸಮಾನ ರೋಧಗಳ ತಂತಿಯೆಂದು ಭಾವಿಸಿ, ಮನೆಯ ತುದಿಗೆ ಒಂದು ವೋಲ್ಟ್ ಕೊಟ್ಟು ಪಾನಗೃಹದ ತುದಿಯನ್ನು ಸೊನ್ನೆಯಲ್ಲಿರಿಸಿದರೆ, ಆಯಾ ಮೂಲೆಯ ವಿಭವವೇ ಉತ್ತರ. ಎರಡರಲ್ಲಿಯೂ ಒಳಗಿನ ಪ್ರತಿ ಬಿಂದುವಿನ ಬೆಲೆಯು ನೆರೆಯ ಬೆಲೆಗಳ ಸರಾಸರಿ. ತುದಿಗಳ ಬೆಲೆಗಳೂ ಒಂದೇ. ಈ ಸರಳ ಬೀಜದಿಂದ ಹೊರಟು ಗ್ರಂಥಕಾರರು ಪೋಲ್ಯ 1921ರಲ್ಲಿ ಸಾಧಿಸಿದ ಪ್ರಮೇಯಕ್ಕೆ ಬರುತ್ತಾರೆ: ಸಮತಲದ ಜಾಲದಲ್ಲಿ ಅಲೆಯುವವನು ಹೊರಟಲ್ಲಿಗೆ ನಿಶ್ಚಯವಾಗಿ ಮರಳುವನು, ಮೂರು ಆಯಾಮಗಳಲ್ಲಿ ಮರಳುವ ಸಂಭವ ಸುಮಾರು 0.34 ಮಾತ್ರ. ಇದನ್ನು ಲಾರ್ಡ್ ರೇಲೀಯ ಹಳೆಯ ವಿದ್ಯುತ್ ವಿಧಾನದಿಂದ ಸಾಧಿಸಿರುವುದು ಸ್ತುತ್ಯವಾದ ಕೆಲಸ.

ಕೊರತೆಯಿರುವುದು ಈ ಹೊತ್ತಗೆಯಲ್ಲಿ ಎನ್ನುವುದಕ್ಕಿಂತ, ಇಂತಹ ಹೊತ್ತಗೆಗಳ ಮೇಲೆ ಕಟ್ಟಿದ ಪಾಠಕ್ರಮದಲ್ಲಿ. ಅಲ್ಲಿ ಮಾರ್ಕೋವ್ ಎಂಬುದು ಸರಪಳಿಗೆ ಅಂಟಿದ ಒಂದು ಚೀಟಿ. ಆ ಸರಪಳಿ ಹುಟ್ಟಿದುದು ಒಂದು ಜಗಳದಲ್ಲಿ. ಬೃಹತ್ಸಂಖ್ಯಾ ನಿಯಮಕ್ಕೆ ಘಟನೆಗಳ ಪರಸ್ಪರ ನಿರಪೇಕ್ಷತೆ ಅವಶ್ಯವೆಂದು ಮಾಸ್ಕೋವಿನ ನೆಕ್ರಾಸೋವ್ 1902ರಲ್ಲಿ ವಾದಿಸಿದನು. ವಿವಾಹ, ಅಪರಾಧ ಮುಂತಾದವುಗಳ ಸರಾಸರಿ ಸ್ಥಿರವಾಗಿದೆ. ಆದುದರಿಂದ ಮನುಷ್ಯರ ಕೃತ್ಯಗಳು ನಿರಪೇಕ್ಷವಾದುವು, ಇಚ್ಛೆ ಸ್ವತಂತ್ರವಾದುದು ಎಂಬುದು ಅವನ ತರ್ಕ. ಮಾರ್ಕೋವನು ನಿರೀಶ್ವರವಾದಿ, 1912ರಲ್ಲಿ ತನ್ನನ್ನು ಚರ್ಚಿನಿಂದ ಬಹಿಷ್ಕರಿಸಬೇಕೆಂದು ತಾನೇ ಬರೆದುಕೊಂಡವನು. ಒಂದು ಹೆಜ್ಜೆ ಹಿಂದಿನ ಹೆಜ್ಜೆಯನ್ನು ಅವಲಂಬಿಸಿದರೂ ಸರಾಸರಿ ಸ್ಥಿರಗೊಳ್ಳಬಲ್ಲುದೆಂದು ಅವನು 1906ರಲ್ಲಿ ಸಾಧಿಸಿ ತೋರಿಸಿದನು. ಇಚ್ಛೆ ಸ್ವತಂತ್ರವಲ್ಲವೆಂದು ಇದರಿಂದ ಸಿದ್ಧವಾಗಲಿಲ್ಲ. ಅಂಕಿ ಅಂಶಗಳ ಸ್ಥೈರ್ಯದಿಂದ ಆ ನಿರ್ಣಯಕ್ಕೆ ಹೋಗುವ ದಾರಿ ಮುಚ್ಚಿತು, ಅಷ್ಟೆ. ಜನಗಣತಿಯ ಕೋಷ್ಟಕಗಳಿಂದ ಜನರ ಮನೋಧರ್ಮವನ್ನು ಓದಿಬಿಡುವ ನಮ್ಮ ಇತಿಹಾಸಕಾರರಿಗೂ ಈ ಭೇದ ತಿಳಿದಿರುವುದು ಒಳ್ಳೆಯದು.

1913ರಲ್ಲಿ ಮಾರ್ಕೋವನು ಪುಷ್ಕಿನ್ನನ ‘ಯೆವ್ಗೆನಿ ಒನೆಗಿನ್’ ಕಾವ್ಯದ ಮೊದಲ 20,000 ಅಕ್ಷರಗಳನ್ನು ಕೈಯಿಂದಲೇ ಎಣಿಸಿದನು. ಸ್ವರಗಳು 8,638, ವ್ಯಂಜನಗಳು 11,362. ಅಕ್ಷರಗಳು ನಿರಪೇಕ್ಷವಾಗಿದ್ದರೆ ಸ್ವರದ ಮುಂದೆಯೂ ಸ್ವರ ಬರುವ ಸಂಭವ 0.432 ಇರಬೇಕಾಗಿತ್ತು. ಕಂಡುದು 0.128, ವ್ಯಂಜನದ ಮುಂದಾದರೋ 0.663. ಅವಲಂಬನೆ ಇಷ್ಟು ಗಾಢವಾಗಿದ್ದರೂ ಸರಾಸರಿ ಚದರಿ ಹೋಗಲಿಲ್ಲ.

ಇದು ಎರಡೇ ಬಿಂದುಗಳ ಗ್ರಾಫ್. ಪ್ರತಿ ಬಿಂದುವಿನಿಂದ ತನಗೇ ಮರಳುವ ಒಂದು ಕುಣಿಕೆ, ನಡುವೆ ಒಂದು ಗೆರೆ. ಸ್ವರದಿಂದ ವ್ಯಂಜನಕ್ಕೂ ವ್ಯಂಜನದಿಂದ ಸ್ವರಕ್ಕೂ ದಾಟುಗಳು ಸಮನಾಗಿಯೇ ಇರಬೇಕಾದುದರಿಂದ ಡಾಯ್ಲ್–ಸ್ನೆಲ್ಲರ ವಿದ್ಯುತ್ ಸಾದೃಶ್ಯ ಇದಕ್ಕೂ ಸಲ್ಲುತ್ತದೆ. ಮೂರು ಬಿಂದುಗಳ ಸುತ್ತ ಒಂದೇ ದಿಕ್ಕಿಗೆ ತಿರುಗುವ ಸರಪಳಿಗೆ ಅದು ಸಲ್ಲದು. ಮೊದಲ ವಾರದ ಪಾಠಕ್ಕೆ ಕುಡುಕನ ಬೀದಿಯ ಜತೆಗೆ ಈ ಉದಾಹರಣೆಯೂ ಇರಬೇಕೆಂದು ನಮ್ಮ ಅಭಿಪ್ರಾಯ. ನಮ್ಮಲ್ಲಿ ಕನ್ನಡ ಪಠ್ಯವನ್ನೇ ಎಣಿಸಬಹುದು. ಗುಣಿತಾಕ್ಷರಗಳನ್ನು ಮೊದಲು ಸ್ವರ ವ್ಯಂಜನಗಳಾಗಿ ಬಿಡಿಸಿಕೊಳ್ಳಬೇಕಾದೀತು. ‘ಪಾಲ್’ ಎಂದು ವ್ಯಂಜನದಲ್ಲಿ ನಿಲ್ಲುತ್ತಿದ್ದ ಹಳಗನ್ನಡಕ್ಕೂ ‘ಹಾಲು’ ಎನ್ನುವ ಹೊಸಗನ್ನಡಕ್ಕೂ ಅಂಕಿಗಳು ಬೇರೆಯಾಗಿ ಬರಬೇಕು.