ಮಗುಚಿ ನೋಡಬೇಕಾದ ಚೀಲ

ಮನೆಯಲ್ಲಿ ಹೊಲಿದ ಬಟ್ಟೆಚೀಲವನ್ನು ತೆಗಳುವವರು ಸಿಗುವುದಿಲ್ಲ. ಸ್ವಸಹಾಯ ಸಂಘಗಳ ಮಾರಾಟ ಮೇಳವಿರಲಿ, ಶಾಲೆಯ ಕರಕುಶಲ ಪ್ರದರ್ಶನವಿರಲಿ, ಪರಿಸರ ದಿನಾಚರಣೆಯ ವೇದಿಕೆಯಿರಲಿ, ಅದಕ್ಕೆ ಬೀಳುವ ಮೆಚ್ಚುಗೆ ಒಂದೇ ಧಾಟಿಯದು. ಬಣ್ಣ ಚೆನ್ನಾಗಿದೆ, ಲೇಸು ಚೆನ್ನಾಗಿದೆ, ಮೇಲೆ ‘ಪ್ಲಾಸ್ಟಿಕ್ ಬೇಡ’ ಎಂದು ಬರೆದಿರುವುದಂತೂ ಇನ್ನೂ ಚೆನ್ನಾಗಿದೆ. ಆದರೆ ಹೊಗಳಿದವರಲ್ಲಿ ಚೀಲವನ್ನು ಒಳಹೊರಗು ಮಾಡಿ ನೋಡಿದವರು ಎಷ್ಟು ಮಂದಿ? ಮಗುಚಿದರೆ ಬೇರೆಯೇ ಕತೆ. ಕತ್ತರಿಸಿದ ಅಂಚು ಎಳೆ ಬಿಟ್ಟುಕೊಂಡಿರುತ್ತದೆ. ಹಿಡಿಕೆಯ ತುದಿ ಒಂದೇ ಸಾಲು ಹೊಲಿಗೆಯಲ್ಲಿ ಬಾಯಿಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಮೂಲೆಯಲ್ಲಿ ದಾರ ಗಂಟಾಗದೆ ಹಾಗೇ ಉಳಿದಿರುತ್ತದೆ.

‘ಮನೆಯಲ್ಲೇ ಹೊಲಿದದ್ದಲ್ವಾ, ಇರಲಿ ಬಿಡಿ’ ಎಂಬ ರಿಯಾಯಿತಿಯೇ ಈ ಕೆಲಸಕ್ಕೆ ಆಗಿರುವ ದೊಡ್ಡ ಅನ್ಯಾಯ. ಅದೇ ಕೈ ಹೊಲಿದ ರವಿಕೆಗೆ ಈ ಮಾಫಿ ಇಲ್ಲ. ತೋಳು ಅರ್ಧ ಇಂಚು ಬಿಗಿಯಾದರೂ ಬಿಚ್ಚಿ ಹೊಲಿಸಿಕೊಂಡೇ ಬರುತ್ತಾರೆ. ಚೀಲವೂ ಕೆಲಸದ ವಸ್ತುವೇ. ಭಾರ ಹೊರುವುದು ಅದರ ಕೆಲಸ. ಎಷ್ಟು ಕೆಜಿ, ಎಷ್ಟು ಸಲ, ಎಷ್ಟು ವರ್ಷ ಎಂದು ಕೇಳದೆ ಕೊಡುವ ಮೆಚ್ಚುಗೆಗೆ ಬೆಲೆಯಿಲ್ಲ.

ತರಕಾರಿ ಚೀಲವನ್ನೇ ತೆಗೆದುಕೊಳ್ಳೋಣ. ಐದು ಕೆಜಿ ಈರುಳ್ಳಿ ತುಂಬಿ ಎತ್ತಿದರೆ ಎರಡು ಹಿಡಿಕೆಗಳ ನಾಲ್ಕು ತುದಿಗಳಿಗೂ ತಲಾ ಒಂದೂಕಾಲು ಕೆಜಿ ಬರುತ್ತದೆ. ಇದು ಚೀಲ ಅಲುಗದೆ ನಿಂತಾಗಿನ ಲೆಕ್ಕ. ಬಸ್ಸು ಹತ್ತುವ ಗಡಿಬಿಡಿಯಲ್ಲಿ ಒಂದೇ ಹಿಡಿಕೆ ಹಿಡಿದು ಜಗ್ಗಿದರೆ ಅಷ್ಟೂ ಭಾರ ಎರಡೇ ತುದಿಗೆ, ಅದೂ ಎಳೆತದ ಸಮೇತ ಬೀಳುತ್ತದೆ. ಚೀಲ ಹರಿಯುವುದು ಬಹುಮಟ್ಟಿಗೆ ಅಲ್ಲೇ. ತಳ ಹರಿದ ಚೀಲಕ್ಕಿಂತ ಹಿಡಿಕೆ ಕಿತ್ತ ಚೀಲಗಳೇ ಪ್ರತಿ ಮನೆಯ ಮೂಲೆಯಲ್ಲೂ ಹೆಚ್ಚು. ಬಲ್ಲವರು ಮಾಡುವ ಕೆಲಸ ಸರಳ. ಹಿಡಿಕೆಯ ತುದಿಯನ್ನು ಬಾಯಿಪಟ್ಟಿಯಿಂದ ಎರಡು ಇಂಚಾದರೂ ಕೆಳಗಿಳಿಸುತ್ತಾರೆ, ಸುತ್ತ ಚೌಕಾಕಾರ ಹೊಲಿಗೆ ಹಾಕುತ್ತಾರೆ, ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆಯುತ್ತಾರೆ, ಹಿಂದೆ ಒಂದು ತುಂಡು ಬಟ್ಟೆ ಕೊಡುತ್ತಾರೆ. ಎಳೆತ ಆಗ ಒಂದು ಸಾಲು ದಾರದ ಮೇಲಲ್ಲ, ಇಷ್ಟಗಲ ಬಟ್ಟೆಯ ಮೇಲೆ ಹಂಚಿಹೋಗುತ್ತದೆ. ಗಟ್ಟಿಯಾಗಲಿ ಎಂದು ಒಂದೇ ಜಾಗದಲ್ಲಿ ಹತ್ತು ಸಲ ಸಣ್ಣ ಹೊಲಿಗೆ ಓಡಿಸುವವರೂ ಇದ್ದಾರೆ. ಅದು ಉಲ್ಟಾ ಕೆಲಸ. ಸೂಜಿ ಚುಚ್ಚಿದ ತೂತುಗಳು ಒತ್ತೊತ್ತಾದರೆ ಅಂಚೆಚೀಟಿ ಹಾಳೆಯ ಹಾಗೆ ಬಟ್ಟೆ ಆ ಗೆರೆಯಲ್ಲೇ ನೀಟಾಗಿ ಹರಿಯುತ್ತದೆ. ಇಂಚಿಗೆ ಹತ್ತು ಹೊಲಿಗೆ, ಅಂದರೆ ಮಷಿನ್ನಿನ ಎರಡೂವರೆ ನಂಬರು, ಸಾಮಾನ್ಯ ಹತ್ತಿ ಬಟ್ಟೆಗೆ ಸಾಕು.

ಒಳ ಅಂಚಿನ ಮಾತಿಗೆ ಬಂದರೆ, ಮನೆಯಲ್ಲಿ ಓವರ್‌ಲಾಕ್ ಮಷಿನ್ ಇಲ್ಲ ಎಂಬುದು ನೆಪವಾಗಲಾರದು. ಬಟ್ಟೆಯ ಹಿಂಬದಿಗಳನ್ನು ಒಂದಕ್ಕೊಂದು ತಾಗಿಸಿ ಮೊದಲು ಕಾಲು ಇಂಚಿಗೆ ಹೊಲಿದು, ಅಂಚನ್ನು ಕತ್ತರಿಸಿ ಕಿರಿದಾಗಿಸಿ, ಮಗುಚಿ, ಇನ್ನೊಂದು ಹೊಲಿಗೆ ಹಾಕಿದರೆ ಬಿಚ್ಚುವ ಎಳೆಗಳೆಲ್ಲ ಮಡಿಕೆಯೊಳಗೆ ಬಂದಿಯಾಗುತ್ತವೆ. ದರ್ಜಿಗಳು ಇದಕ್ಕೆ ಫ್ರೆಂಚ್ ಸೀಮ್ ಎನ್ನುತ್ತಾರೆ. ಕಾಲಲ್ಲಿ ತುಳಿಯುವ ಹಳೆಯ ಉಷಾ ಅಥವಾ ಸಿಂಗರ್ ಮಷಿನ್ನಿಗೂ ಇದು ಸಲೀಸು. ಚೀಲವೊಂದಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೇ. ಆದರೆ ಹಳೆಯ ಜೀನ್ಸ್ ಪ್ಯಾಂಟಿಗೆ ಈ ಉಪಾಯ ನಡೆಯದು. ನಾಲ್ಕು ಪದರ ಡೆನಿಮ್ ಸೇರಿದಾಗ ಮನೆಯ ಮಷಿನ್ ಮುಕ್ಕರಿಯುತ್ತದೆ, ಸೂಜಿ ಮುರಿಯುತ್ತದೆ. ‘ಅಕ್ಕಾ, 14ನೇ ನಂಬರಲ್ಲಿ ಆಗಲ್ಲ, 16 ಇಲ್ಲಾ 18 ಹಾಕಿ’ ಎಂದು ದಾರದ ಅಂಗಡಿಯವರು ಹೇಳುವುದು ಸುಮ್ಮನಲ್ಲ. ಜೀನ್ಸ್ ಚೀಲ ನೋಡಲು ಗಟ್ಟಿಮುಟ್ಟು. ಖಾಲಿ ಚೀಲದ ತೂಕವೇ ಅದರ ಶತ್ರು. ಮಡಚಿದರೆ ಪರ್ಸಿನಲ್ಲಿ ಕೂರುವುದಿಲ್ಲ, ಹಾಗಾಗಿ ಮನೆಯಲ್ಲೇ ಕೂರುತ್ತದೆ.

ಬಟ್ಟೆಯ ಆಯ್ಕೆಯಲ್ಲಿ ಹಳೆಯ ಹತ್ತಿ ಸೀರೆಗೆ ಮೊದಲ ಮಣೆ ಹಾಕುವುದು ವಾಡಿಕೆ. ಭಾವನೆಯ ಮಟ್ಟಿಗೆ ಸರಿ. ಸೀರೆ ಮಾತ್ರ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕೂತೆದ್ದು ಉಜ್ಜಿದ ಜಾಗ, ಮೊಳಕಾಲಿನ ಮೇಲೆ ಬರುವ ನೆರಿಗೆ, ಕಾಲಿಗೆ ತಾಗುವ ಕೆಳ ಅಂಚು ಮೊದಲು ತೆಳ್ಳಗಾಗುತ್ತವೆ. ಸೊಂಟಕ್ಕೆ ಸಿಕ್ಕಿಸಿದ ಒಳತುದಿ ಬಹುಮಟ್ಟಿಗೆ ಹೊಸದರಂತೆಯೇ ಇರುತ್ತದೆ. ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳಲ್ಲಿ ಜಗ್ಗಿ ನೋಡಿ ಕತ್ತರಿಸಿದವರ ಚೀಲ ಬಾಳುತ್ತದೆ. ಮೇಲ್ನೋಟದ ಚಿತ್ತಾರ ನೋಡಿ ಕತ್ತರಿಸಿದವರದ್ದು ಮೊದಲ ಸಂತೆಯಲ್ಲೇ ಬಾಯಿ ಬಿಡುತ್ತದೆ. ಹಿಡಿಕೆಯನ್ನು ಸೀರೆಯ ಉದ್ದಕ್ಕೇ, ಅಂದರೆ ಹಾಸಿನ ದಾರದ ಜೊತೆಗೇ ಕತ್ತರಿಸಬೇಕು. ಬಟ್ಟೆ ಉಳಿಯಲಿ ಎಂದು ಓರೆಯಾಗಿ ಕತ್ತರಿಸಿದರೆ ಅದು ವಾರದಲ್ಲಿ ಹಿಗ್ಗಿ ಚೀಲ ನೆಲಕ್ಕೆ ತಾಗುತ್ತದೆ.

ಸವೆದ ಬಟ್ಟೆಯನ್ನೂ ಗಟ್ಟಿ ಮಾಡುವ ವಿದ್ಯೆ ಕರ್ನಾಟಕಕ್ಕೆ ಹೊಸದೇನಲ್ಲ, ಕೌದಿ ಇರುವುದೇ ಅದಕ್ಕೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದರೆ ಇದು ತಿಳಿಯುತ್ತದೆ. ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಸಾದಾ ಓಟದ ಹೊಲಿಗೆ ಅದು. ಒಂದೊಂದೇ ಹಿಡಿದರೆ ಹರಿದುಹೋಗುವ ಹಳೆಯ ತುಂಡುಗಳು ಒತ್ತಾದ ಈ ಸಾಲುಗಳಿಂದ ಒಂದೇ ಹಾಳೆಯಾಗುತ್ತವೆ. ಒಂದು ಎಳೆ ಕಡಿದರೂ ಪಕ್ಕದ ಸಾಲು ಹಿಡಿದಿರುತ್ತದೆ. ನಾಲ್ಕು ಮೂಲೆಗೆ ತ್ರಿಕೋನದ ತುಂಡುಗಳನ್ನು ಮಡಚಿ ‘ಫುಲಾ’ ಇಡದಿದ್ದರೆ ಅವರ ಪಾಲಿಗೆ ಕೌದಿ ಮುಗಿದಂತಲ್ಲ. ಈ ಕ್ರಮದಲ್ಲಿ ಎರಡು ಪದರ ಹಳೆಯ ಸೀರೆ ಸೇರಿಸಿ ಹೊಲಿದ ಚೀಲ, ಕೈ ಕೆಲಸದ ಚೀಲಗಳಲ್ಲೇ ಎದ್ದುಕಾಣುವಂಥದ್ದು. ಮೃದು, ಹಗುರ, ಜೊತೆಗೆ ಭಾರಕ್ಕೂ ಬಗ್ಗುವುದಿಲ್ಲ. ಮಷಿನ್ ಇಲ್ಲದ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣದು. ತೊಂದರೆಯೊಂದೇ, ಸಮಯ. ಧಾರಾವಾಹಿ ನೋಡುತ್ತ ಹೊಲಿಯುವವರಿಗೆ ಅದೂ ತೊಂದರೆಯಲ್ಲ.

ಸಣ್ಣ ಚೀಲಗಳ ವಿಷಯದಲ್ಲಿ ಹಳಬರ ಎಲೆಅಡಿಕೆ ಸಂಚಿಯನ್ನು ಮೀರಿಸಿದ ವಿನ್ಯಾಸ ಈಚೆಗೆ ಬಂದಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಉತ್ತರ ಕರ್ನಾಟಕದ ಕಡೆ ಅದು ಚಂಚಿ. ಅಂಗೈಗಿಂತ ಸ್ವಲ್ಪ ದೊಡ್ಡದು. ಒಳಗೆ ಒಂದು ಅರೆ ವೀಳ್ಯದೆಲೆಗೆ, ಒಂದು ಅಡಿಕೆಗೆ, ಇನ್ನೊಂದು ಸುಣ್ಣದ ಡಬ್ಬಿಗೆ, ಮರೆಯಲ್ಲೊಂದು ನಾಲ್ಕು ಕಾಸಿಗೆ. ದಾರ ಎಳೆದರೆ ಬಾಯಿ ಮುಚ್ಚುತ್ತದೆ, ಸೊಂಟಕ್ಕೆ ಸಿಕ್ಕಿಸಿದರೆ ಬೀಳುವುದಿಲ್ಲ. ಜಿಪ್ಪಿಲ್ಲ, ಗುಂಡಿಯಿಲ್ಲ, ತುಕ್ಕು ಹಿಡಿಯುವುದು ಯಾವುದೂ ಇಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಈ ಸಂಚಿ ಹೊರುವುದೇ ಒಂದು ಊಳಿಗವಾಗಿತ್ತು. ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಇಂದಿಗೂ ಸಂಚಿಯ ಹೊನ್ನಮ್ಮನೆಂದೇ ಹೆಸರಾಗಿದ್ದಾಳೆ. ಇಯರ್‌ಫೋನು, ಚಾರ್ಜರು, ಮಾತ್ರೆ, ಚಿಲ್ಲರೆ ಎಲ್ಲ ಒಂದೇ ಪೌಚಿನಲ್ಲಿ ಗೋಜಲಾಗುವ ಕಾಲಕ್ಕೆ ಅರೆಗಳಿರುವ ಈ ಸಂಚಿಯೇ ಸರಿಯಾದ ಉತ್ತರ. ಆದರೂ ಹೊಲಿಗೆ ತರಗತಿಗಳಲ್ಲಿ ಕಲಿಸುವುದು ಜಿಪ್ ಪೌಚನ್ನೇ.

ಜಿಪ್ ಪೌಚು ಕೆಟ್ಟದ್ದೆಂದಲ್ಲ, ಕಷ್ಟದ್ದು. ಕಲಿಯುವವರಿಗೆ ಮೊದಲ ಪಾಠವಾಗಿ ಕೊಡುವಂಥದ್ದಂತೂ ಅಲ್ಲ. ಜಿಪ್ಪಿನ ಎರಡು ತುದಿ ಪಕ್ಕದ ಹೊಲಿಗೆಗೆ ಸೇರುವಲ್ಲಿ ದಪ್ಪ ಉಂಡೆಯಾಗಿ, ಪೌಚಿನ ಮೂಲೆ ಚೂಪಾಗುವ ಬದಲು ಒಳಕ್ಕೆ ಕುಸಿಯುತ್ತದೆ. ಇದನ್ನು ತಪ್ಪಿಸಲು ತುದಿಗೆ ಪುಟ್ಟ ಬಟ್ಟೆತುಂಡು ಜೋಡಿಸಿ ಜಿಪ್ಪನ್ನು ಅರ್ಧ ಇಂಚು ಒಳಗೇ ನಿಲ್ಲಿಸಬೇಕು. ಮೇಳಗಳಲ್ಲಿ ಮಾರಾಟಕ್ಕಿಟ್ಟ ಪೌಚುಗಳನ್ನು ಹಿಡಿದು ನೋಡಿ, ಹೆಚ್ಚಿನವುಗಳ ಮೂಲೆ ಕುಸಿದೇ ಇರುತ್ತದೆ. ಜಿಪ್ಪಿಗೆ ಉಳಿತಾಯ ಮಾಡಿ ಲೇಸಿಗೆ ಖರ್ಚು ಮಾಡಿರುವುದೂ ಕಾಣುತ್ತದೆ. ಆರು ತಿಂಗಳಲ್ಲಿ ರನ್ನರ್ ಹಲ್ಲು ಬಿಟ್ಟಾಗ ಲೇಸು ಮಾತ್ರ ಹೊಸದಾಗಿಯೇ ಇರುತ್ತದೆ.

ಗುಳೇದಗುಡ್ಡದ ಖಣ ಈಗ ಪೌಚುಗಳ ಅಚ್ಚುಮೆಚ್ಚು. ಆಯ್ಕೆಗೆ ಕಾರಣವಿದೆ. ಕುಪ್ಪಸಕ್ಕೆಂದೇ ನೇಯ್ದ ಬಟ್ಟೆಯಾದ್ದರಿಂದ ಪನ್ನ ಚಿಕ್ಕದು, ಬುಟ್ಟಾ ಸಣ್ಣದು. ಏಳು ಇಂಚಿನ ಪೌಚಿನಲ್ಲೂ ವಿನ್ಯಾಸ ತುಂಡಾಗದೆ ಪೂರ್ತಿ ಕಾಣುತ್ತದೆ. ಇಳಕಲ್ ಸೀರೆಯ ಸೆರಗನ್ನು ಪೌಚಿಗೆ ಕತ್ತರಿಸಿದಾಗ ಈ ಅನುಕೂಲ ಇಲ್ಲ, ಸೆರಗಿನ ‘ತೋಪು ತೆನೆ’ ವಿನ್ಯಾಸ ಅರ್ಧಕ್ಕೇ ಮುರಿದು ಯಾವುದೋ ಪಟ್ಟೆ ಬಟ್ಟೆಯಂತಾಗುತ್ತದೆ. ಕಸೂತಿಯದ್ದು ಇನ್ನೊಂದು ವಿಚಿತ್ರ. ಗವಂತಿ, ಮುರಗಿ ಹೊಲಿಗೆಗಳ ಹೆಚ್ಚುಗಾರಿಕೆಯೇ ಎರಡೂ ಬದಿ ಒಂದೇ ಥರ ಕಾಣುವುದು. ಗಂಟು ಹಾಕಬಾರದು, ಹಿಂಬದಿಯಲ್ಲೂ ದಾರ ಜೋತಾಡಬಾರದು. ಧಾರವಾಡದ ಕಡೆ ಹಿರಿಯರು ಕಸೂತಿಯನ್ನು ಹಿಂದೆ ತಿರುಗಿಸಿಯೇ ಪಾಸು-ಫೇಲು ಹೇಳುತ್ತಿದ್ದುದು. ಅಂಥ ಕೆಲಸವನ್ನು ಚೀಲಕ್ಕೆ ಹಾಕಿ, ಮೇಲಿಂದ ಅಸ್ತರು ಕೊಟ್ಟು ಹಿಂಬದಿಯನ್ನು ಮುಚ್ಚಿಬಿಡುವುದೆಂದರೆ ಏನನ್ನೋಣ! ಮುಚ್ಚುವ ಅಸ್ತರಿದೆ ಎಂದಮೇಲೆ ಗಂಟೂ ಬರುತ್ತದೆ, ಜೋತಾಡುವ ದಾರವೂ ಬರುತ್ತದೆ. ಬಂದೂ ಆಗಿದೆ.

ಇನ್ನು ಪರಿಸರದ ಮಾತು. ಬಟ್ಟೆಚೀಲ ಹಿಡಿದ ಮಾತ್ರಕ್ಕೆ ಪುಣ್ಯ ಬಂತೆಂದು ನಂಬುವವರು 2018ರಲ್ಲಿ ಡೆನ್ಮಾರ್ಕಿನ ಪರಿಸರ ಸಂಸ್ಥೆ ಪ್ರಕಟಿಸಿದ ಅಧ್ಯಯನವನ್ನು ಒಮ್ಮೆ ನೋಡಬೇಕು. ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ಹೊಸ ಹತ್ತಿ ಬಟ್ಟೆಯ ಚೀಲ ಹವಾಮಾನದ ಲೆಕ್ಕವೊಂದರಲ್ಲೇ ಸಮ ಆಗಲು 52 ಸಲ ಬಳಕೆಯಾಗಬೇಕು. ಓಝೋನ್ ಪದರದ ಹಾನಿಯೂ ಸೇರಿ ಎಲ್ಲ ಮಾನದಂಡಗಳಲ್ಲಿ ಸಮ ಆಗಲು 7,100 ಸಲ. ಸಾವಯವ ಹತ್ತಿಗೆ ಇದು 20,000. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಬೇರೆ ವಿಧಾನದಲ್ಲಿ ಹವಾಮಾನದ ಲೆಕ್ಕಕ್ಕೇ 131 ಸಲ ಎಂದಿತ್ತು. ವಾರಕ್ಕೆರಡು ಸಲ ಸಂತೆಗೆ ಒಯ್ದರೆ 52ಕ್ಕೆ ಆರು ತಿಂಗಳು, 131ಕ್ಕೆ ಒಂದೂಕಾಲು ವರ್ಷ, 7,100ಕ್ಕೆ ಅರವತ್ತೆಂಟು ವರ್ಷ! ಕೊನೆಯ ಅಂಕಿ ಕಂಡು ಪ್ಲಾಸ್ಟಿಕ್ ಪರ ವಾದಿಸುವವರೂ ಇದ್ದಾರೆ. ಚರಂಡಿ ಕಟ್ಟುವುದು, ದನದ ಹೊಟ್ಟೆ ಸೇರುವುದು ಈ ಲೆಕ್ಕದಲ್ಲಿ ಇಲ್ಲವೆಂಬುದನ್ನು ಅವರು ಹೇಳುವುದಿಲ್ಲ. ಹತ್ತಿ ಬೆಳೆಯುವ ನೀರು, ಗೊಬ್ಬರ, ಗಿರಣಿಯ ವಿದ್ಯುತ್ತು ಇವೇ ಈ ಲೆಕ್ಕದ ಬಹುಪಾಲು. ಹತ್ತು ವರ್ಷ ಉಟ್ಟ ಸೀರೆ, ಹರಿದ ದಿಂಬಿನ ಚೀಲ, ಹಳೆಯ ಪರದೆ ಆ ಖರ್ಚನ್ನು ಮೊದಲೇ ತೀರಿಸಿ ಬಂದಿರುತ್ತವೆ. ಮನೆಹೊಲಿಗೆಯ ನಿಜವಾದ ಬಲ ಇರುವುದು ಇಲ್ಲಿ. ಹೊಸ ಕ್ಯಾನ್ವಾಸ್ ತಂದು, ಚಿಕ್ಕಪೇಟೆಯಿಂದ ಲೇಸು ತಂದು, ಮೊಳೆಯಲ್ಲಿ ನೇತುಹಾಕಲು ಹನ್ನೆರಡು ಚೀಲ ಹೊಲಿಯುವವರು ಆ ಬಲವನ್ನು ಕೈಯಾರೆ ಬಿಟ್ಟುಕೊಡುತ್ತಾರೆ.

ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಆ ಜಾಗಕ್ಕೆ ಬಂದು ಕೂತದ್ದು ಬಟ್ಟೆಯಲ್ಲ, ಬಟ್ಟೆಯ ವೇಷ. ಅಂಗಡಿಗಳಲ್ಲಿ ಕೊಡುವ ನಾನ್‌ವೋವನ್ ಚೀಲ ನೇಯ್ಗೆಯದ್ದಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದ್ದೇ. ಬಿಸಿಲಿಗೆ ಬಿದ್ದರೆ ಪುಡಿಪುಡಿಯಾಗುತ್ತದೆ. ಕೇಂದ್ರದ ನಿಯಮ 2021ರ ಸೆಪ್ಟೆಂಬರ್ 30ರಿಂದ ಅದಕ್ಕೆ ಚದರ ಮೀಟರಿಗೆ 60 ಗ್ರಾಂ ತೂಕವಾದರೂ ಇರಬೇಕೆಂದಿದೆ, ಆ ಚೀಲವೇ ಇರಬಾರದು ಎಂದಿಲ್ಲ. ತಮಿಳುನಾಡು ಅದೇ ವರ್ಷದ ಡಿಸೆಂಬರಿನಲ್ಲಿ ಹಳೆಯ ಹಳದಿ ಬಟ್ಟೆಚೀಲವನ್ನೇ ‘ಮೀಂಡುಂ ಮಂಜಪ್ಪೈ’ ಎಂದು ಚಳವಳಿ ಮಾಡಿತು. ಸಾದಾ ಚೀಲ, ಒಂದೇ ಬಣ್ಣ, ಅಲಂಕಾರವಿಲ್ಲ. ಮನೆಯಲ್ಲಿ ಬಿಟ್ಟು ಬಂದರೆ ಏನು ಗತಿ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ಬರ್ಲಿ ಹೆಡ್ಸ್ ಎಂಬ ಕಡಲೂರಿನ ಹೆಂಗಸರು 2013ರಲ್ಲೇ ಉತ್ತರ ಹುಡುಕಿದ್ದರು: ಹಳೆಯ ಬಟ್ಟೆಯಲ್ಲಿ ಹೊಲಿದು ಅಂಗಡಿಗಳಲ್ಲಿಡುವುದು, ಮರೆತು ಬಂದವರು ಒಯ್ದು ಮುಂದಿನ ಸಲ ತಂದಿಡುವುದು. ಬೂಮರಾಂಗ್ ಬ್ಯಾಗ್ಸ್ ಎಂಬ ಆ ಪದ್ಧತಿ ಅನೇಕ ಊರುಗಳಿಗೆ ಹಬ್ಬಿತು. ನಮ್ಮ ಬೀದಿಯ ದಿನಸಿ ಅಂಗಡಿಗೆ ಅದು ಒಗ್ಗದಿರಲು ಕಾರಣ ಕಾಣದು.

ಸಂಪಾದನೆಗೆಂದು ಹೊಲಿಯುವವರ ಪಾಡು ಮಾತ್ರ ಬೇರೆ. ಮೇಲೆ ಹೇಳಿದ ಕ್ರಮದಲ್ಲೆಲ್ಲ ಹೊಲಿದರೆ ಪಳಗಿದ ಕೈಗೂ ಚೀಲವೊಂದಕ್ಕೆ ಅರ್ಧ ಗಂಟೆ ಬೇಕು. ಕೊಳ್ಳುವವರು ಹೋಲಿಸುವುದು ನಾನ್‌ವೋವನ್ ಚೀಲದ ಬೆಲೆಗೆ. ಹಾಗಾಗಿ ಹೊಲಿಯುವಾಕೆ ಎಲ್ಲಿ ಕಾಣುವುದಿಲ್ಲವೋ ಅಲ್ಲಿ ಉಳಿಸುತ್ತಾಳೆ, ಕಾಣುವಲ್ಲಿ ಲೇಸು ಹಚ್ಚುತ್ತಾಳೆ. ತಪ್ಪು ಅವಳೊಬ್ಬಳದ್ದಲ್ಲ, ಹೊರಮೈ ನೋಡಿ ದುಡ್ಡು ಕೊಡುವವರದ್ದೂ ಹೌದು.

ಈ ಎಲ್ಲ ದೋಷಗಳೂ ಒಟ್ಟಿಗೆ ಸಿಗುವ ಜಾಗ ಮದುವೆಮನೆಯ ತಾಂಬೂಲದ ಚೀಲ. ಬಟ್ಟೆಯದ್ದೇ ಕೊಡುತ್ತೇವೆಂದು ಈಚೆಗೆ ಹಲವರು ಹಟ ಹಿಡಿಯುತ್ತಾರೆ, ಒಳ್ಳೆಯದೇ. ಅಳತೆ ಮಾತ್ರ ಒಂದು ತೆಂಗಿನಕಾಯಿ, ಎರಡೆಲೆ, ಅಡಿಕೆಗೆ ಸರಿಯಾಗಿ. ಮೇಲೆ ವಧೂವರರ ಹೆಸರು ದಪ್ಪಕ್ಷರದಲ್ಲಿ. ಕಾಯಿ ಅಡುಗೆಮನೆ ಸೇರಿದ ಮರುದಿನ ಆ ಚೀಲಕ್ಕೆ ಕೆಲಸವಿಲ್ಲ. ಅರ್ಧ ಕೆಜಿ ಬೀನ್ಸೂ ಹಿಡಿಸದು, ಬೇರೆಯವರ ಹೆಸರು ಹೊತ್ತು ಪೇಟೆಗೆ ಹೋಗಲು ಯಾರಿಗೂ ಮನಸ್ಸಾಗದು. ಹಾಗೆ ನೋಡಿದರೆ 36 ಇಂಚು ಪನ್ನದ ಗಾಡಾ ಬಟ್ಟೆ ಒಂದು ಮೀಟರಿನಲ್ಲಿ ನಿಜವಾದ ಸಂತೆಚೀಲ ಎರಡಾಗುತ್ತವೆ. 18 ಇಂಚು ಅಗಲ, 33 ಇಂಚು ಉದ್ದದ ಎರಡು ತುಂಡು ಮೈಗೆ. ಮಿಕ್ಕ ಆರಿಂಚಿನ ಪಟ್ಟಿಯಲ್ಲಿ ಮೂರಿಂಚು ಅಗಲ, 18 ಇಂಚು ಉದ್ದದ ನಾಲ್ಕು ಹಿಡಿಕೆ. ತಳದ ಎರಡು ಮೂಲೆಗೆ ನಾಲ್ಕಿಂಚಿನ ಅಡ್ಡಹೊಲಿಗೆ ಹಾಕಿದರೆ ಚೀಲ ತಾನೇ ನಿಲ್ಲುತ್ತದೆ, ಟೊಮೆಟೊ ಅಪ್ಪಚ್ಚಿಯಾಗುವುದಿಲ್ಲ. ಐನೂರು ಜನರ ಮದುವೆಗೆ ಇನ್ನೂರೈವತ್ತು ಮೀಟರ್ ಬಟ್ಟೆ. ಮನೆಗೊಂದರಂತೆ ಕೊಟ್ಟರೆ ಅಷ್ಟೂ ಬೇಕಾಗುವುದಿಲ್ಲ. ಹೆಸರು ಹಾಕಿಸಲೇಬೇಕೆಂದರೆ ಬಾಯಿಪಟ್ಟಿಯ ಒಳಮಡಿಕೆಯಲ್ಲಿ ಬೇಕಾದಷ್ಟು ಜಾಗವಿದೆ.