ಎಳೆ ಹಿಡಿದು ನೋಡಿದರೆ

2022ರ ಆಗಸ್ಟ್ ತಿಂಗಳಲ್ಲಿ ನಮ್ಮೂರು ಕಂದಿಕೆರೆಗೂ ಬಾವುಟಗಳು ಬಂದವು. ಸ್ವಾತಂತ್ರ್ಯದ 75ನೇ ವರ್ಷ, ಮನೆಮನೆಯ ಮೇಲೂ ತ್ರಿವರ್ಣ ಹಾರಬೇಕೆಂದು ಕೇಂದ್ರ ಸರ್ಕಾರ ಕರೆ ಕೊಟ್ಟಿತ್ತು. ನನ್ನ ಪಾಲಿಗೂ ಒಂದು ಸಿಕ್ಕಿತು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಅಂಚು ಹುಡುಕುವುದು ನನ್ನ ರೂಢಿ. ಈ ಬಾವುಟಕ್ಕೆ ನೇಯ್ದ ಅಂಚೇ ಇರಲಿಲ್ಲ. ಪಾಲಿಯೆಸ್ಟರನ್ನು ಬಿಸಿಯಲ್ಲಿ ಕರಗಿಸಿ ಕೊಯ್ದಿದ್ದರು. ಬೆರಳಾಡಿಸಿದರೆ ಗಡುಸಾದ ಒಂದು ಗೆರೆ ತಗಲುತ್ತಿತ್ತು, ಅಷ್ಟೆ. ಬೀರುವಿನಲ್ಲಿದ್ದ ಹಳೆಯ ಖಾದಿ ಬಾವುಟವನ್ನು ತೆಗೆದು ಅದರ ಪಕ್ಕಕ್ಕೆ ಹಾಸಿದೆ. ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ನೂತವಳ ಕೈ ಎಲ್ಲಿ ಬಿಗಿಯಿತು, ಎಲ್ಲಿ ಸಡಿಲಿತು ಎಂಬುದೆಲ್ಲ ಅಲ್ಲಿ ಕಾಣುತ್ತಿತ್ತು. ಆ ಸಂಜೆ ನನಗಾದ ಸಂಕಟವನ್ನು ಇಷ್ಟು ದಿನ ಬರೆಯಲು ಆಗಿರಲಿಲ್ಲ.

ಧ್ವಜ ಸಂಹಿತೆಯ ಪ್ರಕಾರ ಬಾವುಟದ ಬಟ್ಟೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರಂದು ಅದಕ್ಕೆ ತಿದ್ದುಪಡಿ ತಂದು ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟರು. ಇದರ ಪೆಟ್ಟು ನೇರ ಬಿದ್ದದ್ದು ನಮ್ಮ ಹುಬ್ಬಳ್ಳಿಯ ಬೆಂಗೇರಿಗೆ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಅಳತೆ, ಬಣ್ಣ, ಎಳೆಯ ಲೆಕ್ಕ ಎಲ್ಲವನ್ನೂ ಮಾನಕ ಸಂಸ್ಥೆಯ ಪರೀಕ್ಷೆಗೆ ಒಡ್ಡಿ ರಾಷ್ಟ್ರಧ್ವಜ ಹೊಲಿಯುವ ಜಾಗ ಅದು. 21 ಅಡಿಗೆ 14 ಅಡಿಯ ದೊಡ್ಡ ಬಾವುಟದಿಂದ ಹಿಡಿದು ಮೇಜಿನ ಮೇಲಿಡುವ 6 ಅಂಗುಲಕ್ಕೆ 4 ಅಂಗುಲದ್ದರ ತನಕ ಒಂಬತ್ತು ಅಳತೆಗಳು. ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಕಡೆಯಿಂದ ಬರುತ್ತದೆ. ಕಂಬದ ಹಗ್ಗ ಹಾಯುವ ಪಟ್ಟಿಗೆ ಖಾದಿ ಡಕ್ ಎಂಬ ಬೇರೆಯೇ ಗಟ್ಟಿ ನೇಯ್ಗೆ ಬೇಕು, ಅದನ್ನು ಬಲ್ಲ ನೇಕಾರರು ತೀರಾ ಕಡಿಮೆ. ನೂಲುವವರು, ಹೊಲಿಯುವವರು ಬಹುಪಾಲು ಹೆಂಗಸರೇ. ತಿದ್ದುಪಡಿ ಬೇಡವೆಂದು ಅವರು ದನಿ ಎತ್ತಿದಾಗ ನಾನು ನೆನೆಸಿಕೊಂಡದ್ದು ಒಂದೇ: ಬೇರೆಯವರು ಪ್ರತಿಭಟಿಸಲು ಬಾವುಟ ಹಿಡಿದು ಹೊರಡುತ್ತಾರೆ, ಇವರಿಗೆ ಬಾವುಟ ಹೊಲಿಯುತ್ತಾ ಕೂರುವುದೇ ಪ್ರತಿಭಟನೆಯಾಗಿಬಿಟ್ಟಿತು.

ಖಾದಿ ಹುಟ್ಟಿದ್ದೇ ಪ್ರತಿಭಟನೆಯಾಗಿ ಎಂಬುದು ಶಾಲೆಯ ಪಾಠದಿಂದ ನಮಗೆಲ್ಲ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ನಾನು ಹೇಳಬೇಕೆಂದಿರುವುದು ನಮ್ಮ ಕಾಲದ, ನಮ್ಮ ನಾಡಿನ ಕಥೆ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅದುವರೆಗೆ ತೆರಿಗೆಯ ಹೊರಗಿದ್ದ ಅನೇಕ ಕೈಉತ್ಪನ್ನಗಳು ಅದರ ಬಲೆಯೊಳಗೆ ಬಿದ್ದವು. ರಂಗಕರ್ಮಿ ಪ್ರಸನ್ನ ಮತ್ತು ಗ್ರಾಮ ಸೇವಾ ಸಂಘದ ಗೆಳೆಯರು ಕರ ನಿರಾಕರಣೆ ಸತ್ಯಾಗ್ರಹ ಹೂಡಿದರು. ಕೈಯಲ್ಲಿ ಮಾಡಿದ ವಸ್ತುವಿಗೆ ತೆರಿಗೆ ಕೊಡುವುದಿಲ್ಲ ಎಂದು ಸಾರಿ, ತೆರಿಗೆ ಹಾಕದೆ ಬಹಿರಂಗವಾಗಿ ಮಾರಿದರು. ಅಕ್ಟೋಬರಿನಲ್ಲಿ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. ಕೇಳಿದ ಶೂನ್ಯ ತೆರಿಗೆ ಪೂರ್ತಿ ಸಿಗಲಿಲ್ಲ. ಕೆಲವು ವಸ್ತುಗಳ ದರವಷ್ಟೇ ಆಮೇಲೆ ಇಳಿಯಿತು. ಆ ದಿನಗಳಲ್ಲಿ ಕೊಂಡ ಜುಬ್ಬ ಒಂದು ನನ್ನಲ್ಲಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯ ಚರಕ ಸಹಕಾರ ಸಂಘದ ಹೆಣ್ಣುಮಕ್ಕಳು ಮಾಡಿದ ಬಟ್ಟೆ. ಬಣ್ಣ ಅಡಿಕೆ ಚೊಗರಿನದು. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಆ ಕೆಂಪು ರಸವನ್ನು ಮಲೆನಾಡಿನಲ್ಲಿ ನೋಡದವರಿಲ್ಲ. ಅದು ಬಟ್ಟೆಗೆ ಹತ್ತಿದಾಗ ಮಳೆಗೆ ನೆನೆದ ಕೆಮ್ಮಣ್ಣಿನ ಹಾಗೆ ಕಾಣುತ್ತದೆ. ಒಗೆತಕ್ಕೆ ಸ್ವಲ್ಪ ಸ್ವಲ್ಪವೇ ಮಾಗಿ ಈಗ ಒಣಗಿದ ತೆಂಗಿನ ಮಟ್ಟೆಯ ಬಣ್ಣಕ್ಕೆ ಬಂದಿದೆ. ಇಂದಿಗೂ ಅದನ್ನು ತೊಟ್ಟು ಹೊರಗೆ ಹೊರಟರೆ ನನ್ನ ನಡಿಗೆಯೇ ನೆಟ್ಟಗಾಗುತ್ತದೆ.

2020ರಲ್ಲಿ ಅದೇ ಚರಕ ತಾನು ದಿವಾಳಿ ಎಂದು ಘೋಷಿಸಿಕೊಂಡಿತು. ಸಾಲ ತೀರಿಸಲಾಗದೆ ಮುಖ ಮುಚ್ಚಿಕೊಂಡವರ ಮಾತಲ್ಲ ಅದು. ಕೈಕಸುಬನ್ನು ಸರ್ಕಾರ ಹೇಗೆ ನಡೆಸಿಕೊಂಡಿದೆ ನೋಡಿ ಎಂದು ಬಾಗಿಲು ತೆರೆದು ತೋರಿಸಿದ ಸತ್ಯಾಗ್ರಹ.

ಕೈಮಗ್ಗದ ಪರ ಕಾನೂನು ಇಲ್ಲವೆಂದಲ್ಲ. 1985ರಲ್ಲಿ ಕೈಮಗ್ಗ ಮೀಸಲು ಕಾಯ್ದೆ ಬಂದು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಬಿಡಬೇಕೆಂದು ಹೇಳಿತ್ತು. ಆಮೇಲೆ ಅದು 11ಕ್ಕೆ ಇಳಿಯಿತು. ಆ 11ನ್ನೂ ವಿದ್ಯುತ್ ಮಗ್ಗದಲ್ಲಿ ನೇಯ್ದು ಕೈಮಗ್ಗದ್ದೆಂದು ಮಾರುವವರು ಎಲ್ಲ ಪೇಟೆಯಲ್ಲೂ ಇದ್ದಾರೆ. ಇಲ್ಲಿ ಕೊಳ್ಳುವವನ ಕಣ್ಣಿಗೂ ಹೊಣೆ ಇದೆ. ಬಟ್ಟೆ ತಿರುವಿ ಹಿಂಬದಿ ನೋಡಿ, ಅಂಚಿನಗುಂಟ ಬೆರಳು ಹಾಯಿಸಿ. ಅಗಲ ಕುಗ್ಗದಂತೆ ಹಿಗ್ಗಿಸಿ ಹಿಡಿಯುವ ಕಡ್ಡಿಯ ಮೊಳೆಗಳು ಕೈಮಗ್ಗದ ಅಂಚಿನಲ್ಲಿ ಸಣ್ಣ ತೂತುಗಳನ್ನು ಉಳಿಸಿರುತ್ತವೆ. ಹೊಕ್ಕಿನ ಎಳೆ ಎಲ್ಲ ಕಡೆ ಒಂದೇ ಸಮ ಬಡಿದಿರುವುದಿಲ್ಲ. ಸಂಜೆಯಾಗುತ್ತಾ ನೇಕಾರನ ತೋಳು ಸೋತದ್ದೂ ಅಲ್ಲಿ ದಾಖಲಾಗಿರುತ್ತದೆ. ಇದನ್ನು ಓದಲು ಬಾರದವನಿಗೆ ಸತ್ಯಾಗ್ರಹದ ಜುಬ್ಬವೂ ಅದರ ನಕಲೂ ಒಂದೇ.

ನಮ್ಮ ಸೀಮೆಯವರಿಗೆ ಇದನ್ನು ಕಲಿಸುವುದು ಕಷ್ಟವಾಗಬಾರದು. ಉಂಡೆ ಕೊಬ್ಬರಿ ಮಾಡುವವರು ನಾವು. ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಕಾಯುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಅಲುಗಾಡಿದರೆ ಕಿವಿಯ ಹತ್ತಿರ ಹಿಡಿದೇ ಗುರುತು ಹಚ್ಚುತ್ತೇವೆ. ಬೆಂಕಿ ಹಾಕಿ ಅವಸರ ಮಾಡಿದರೆ ತಿಪಟೂರು ಮಾರುಕಟ್ಟೆಯಲ್ಲಿ ಮುಟ್ಟಿದವರಿಗೇ ತಿಳಿದುಬಿಡುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಪೇಟೆ ಧಾರಣೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ಬೀದಿಗಿಳಿದರು. ಅಟ್ಟದಲ್ಲಿ ಕಾಯ್ದ ಕಾಲಕ್ಕೆ ಬೆಲೆ ಕೊಡಿ ಎಂಬ ನಮ್ಮ ಕೂಗಿಗೂ ಮಗ್ಗದಲ್ಲಿ ಕೂತ ಕಾಲಕ್ಕೆ ಬೆಲೆ ಕೊಡಿ ಎಂಬ ನೇಕಾರರ ಕೂಗಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಕೈಮಗ್ಗದ ಬಟ್ಟೆ ದುಬಾರಿ ಎಂದು ಊರಿನಲ್ಲಿ ಯಾರಾದರೂ ಅಂದರೆ, "ನಿಮ್ಮ ಅಟ್ಟದ ಕೊಬ್ಬರಿ ಅಗ್ಗಕ್ಕೆ ಕೊಡ್ತೀರಾ ಗೌಡ್ರೇ?" ಎಂದು ಕೇಳುತ್ತೇನೆ.

ಕೊಬ್ಬರಿ ತುಂಬುವ ಗೋಣಿತಾಟು ನೋಡಿದಾಗಲೆಲ್ಲ ದಕ್ಷಿಣ ಅಮೆರಿಕದ ಚಿಲಿ ನೆನಪಾಗುತ್ತದೆ. 1973ರಲ್ಲಿ ಪಿನೊಚೆ ಎಂಬ ಸೇನಾಧಿಪತಿ ಅಲ್ಲಿ ಅಧಿಕಾರ ಕಿತ್ತುಕೊಂಡ ಮೇಲೆ ಸಾವಿರಾರು ಜನರನ್ನು ಎಳೆದೊಯ್ದರು. ಎಷ್ಟೋ ಮಂದಿ ಮರಳಲೇ ಇಲ್ಲ. ಅವರ ತಾಯಂದಿರು, ಹೆಂಡಂದಿರು ಚರ್ಚಿನ ಆಸರೆಯಲ್ಲಿ ಒಟ್ಟಿಗೆ ಕೂತು ಗೋಣಿತಾಟಿನ ಮೇಲೆ ಚಿಂದಿ ಬಟ್ಟೆಯ ಚಿತ್ರ ಹೊಲಿದರು. ಹಿಂದೆ ಆಂಡಿಸ್ ಬೆಟ್ಟಸಾಲು, ಮೇಲೆ ಸೂರ್ಯ, ಕೆಳಗೆ ಪುಟ್ಟ ಗೊಂಬೆಗಳಂತಹ ಮನುಷ್ಯರು. ಹತ್ತಿರ ಹೋಗಿ ನೋಡಿದರೆ ಪೊಲೀಸರು, ಖಾಲಿ ಪಾತ್ರೆ, 'ಅವರು ಎಲ್ಲಿ?' ಎಂಬ ಪ್ರಶ್ನೆ. ಕಾಣೆಯಾದವರ ಅಂಗಿಯ ತುಂಡುಗಳನ್ನೇ ಕೆಲವರು ಹಚ್ಚಿ ಹೊಲಿದರು. ಆ ಚಿತ್ರಗಳು ಗುಟ್ಟಾಗಿ ದೇಶ ದಾಟಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದವು. ಆರ್ಪಿಲ್ಲೇರಾ ಎಂದು ಅವಕ್ಕೆ ಹೆಸರು. ಅವರ ಭಾಷೆಯಲ್ಲಿ ಆ ಪದದ ಅರ್ಥವೂ ಗೋಣಿತಾಟು ಎಂದೇ.

ಒಂದು ಮಾತನ್ನು ಮುಚ್ಚಿಡಲಾರೆ. ನಂಜನಗೂಡು ತಾಲ್ಲೂಕಿನ ಬದನವಾಳು ಗಾಂಧೀಜಿ 1927ರಲ್ಲಿ ಬಂದುಹೋದ ನೂಲಿನ ಊರು. ಅದೇ ಊರಿನಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ರಾಟೆ ತಿರುಗಿದ ಮಾತ್ರಕ್ಕೆ ಜಾತಿ ಕರಗುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಪ್ರಸನ್ನ ಮತ್ತು ಜೊತೆಗಾರರು ಸರಳ ಬದುಕಿನ ಸತ್ಯಾಗ್ರಹಕ್ಕೆ ಆ ಊರನ್ನೇ ಆರಿಸಿಕೊಂಡದ್ದು ನನಗೆ ಸರಿ ಅನ್ನಿಸಿತು. ಪಾಳು ಬಿದ್ದ ನೂಲಿನ ಕಟ್ಟಡವನ್ನೂ ಆ ಗಾಯವನ್ನೂ ಒಟ್ಟಿಗೆ ನೋಡಬೇಕಾದ ಜಾಗ ಅದು. ಬಟ್ಟೆಯ ಅಂದ ಸವಿಯುವ ನಮ್ಮಂಥವರು ಅದನ್ನು ನೇಯ್ದವರು ಯಾರು, ಅವರು ಊರಿನ ಯಾವ ಕೇರಿಯಲ್ಲಿದ್ದಾರೆ ಎಂದು ಕೇಳದೆ ಹೋದರೆ ನಮ್ಮ ರಸಿಕತೆ ಅರ್ಧಕ್ಕೇ ನಿಂತಂತೆ.

ನಮ್ಮ ಮನೆಯ ಅಟ್ಟದಲ್ಲಿ ಕಾಯಿರಾಶಿಯ ಪಕ್ಕ ತಾತನ ಕರಿ ಕಂಬಳಿ ಇದೆ. ಕುರಿಯ ಉಣ್ಣೆಗೆ ಹುಣಸೆ ಬೀಜದ ಗಂಜಿ ಕೊಟ್ಟು ಗುಂಡಿಮಗ್ಗದಲ್ಲಿ ನೇಯ್ದದ್ದು. ಮಳೆ ಬಿದ್ದರೆ ಹನಿ ಮೇಲೆಯೇ ಜಾರುತ್ತಿತ್ತು. ಒಂದು ಮೂಲೆಯನ್ನು ಇಲಿ ಕಡಿದಿದೆ. ಹೊಸ ಕಂಬಳಿ ಕೊಳ್ಳಲು ಪೇಟೆಗೆ ಹೋದರೆ ಯಂತ್ರದ್ದು ರಾಶಿ ಬಿದ್ದಿದೆ, ಬೆಲೆಯೂ ಕಡಿಮೆ. ನನಗೆ ಬೇಡ. ಈ ಮೂಲೆಯನ್ನು ಉಣ್ಣೆಯ ಎಳೆಯಲ್ಲೇ ಕೂಡಿಸಿಕೊಡುವ ನೇಕಾರರೊಬ್ಬರು ಸಿರಾ ಕಡೆ ಇದ್ದಾರಂತೆ. ಮುಂದಿನ ಸೋಮವಾರ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೊರಡುತ್ತೇನೆ.