ಎರಡು ಮಿಲಿಮೀಟರಿನ ಸೀಲು

ಮಜ್ದಾ ಆರ್‌ಎಕ್ಸ್-7 ಎಂಥ ಕಾರು ಎಂದು ತಿಳಿಯಬೇಕಾದರೆ ಮೊದಲು ಅದನ್ನು ಕೈಯಾರೆ ತೊಳೆಯಬೇಕು. ಒಂದು ಬಕೆಟ್ ನೀರು, ಮೆತ್ತನೆಯ ಬಟ್ಟೆ ಸಾಕು. ಮುಂದಿನ ಚಕ್ರದ ಮೇಲಿನ ಉಬ್ಬಿನಲ್ಲಿ ಇಟ್ಟ ಕೈ ಬಾಗಿಲಿಗೆ ಇಳಿಯುತ್ತದೆ, ಅಲ್ಲಿ ತುಸು ಒಳಸರಿದು ಹಿಂದಿನ ಚಕ್ರದ ಮೇಲೆ ಮತ್ತೆ ಏರುತ್ತದೆ, ಬಾಲದ ದೀಪಗಳವರೆಗೂ ಎಲ್ಲೂ ಎಡವದೆ ಸಾಗುತ್ತದೆ. ಬಾಗಿಲಿನ ಹಿಡಿ ಕೂಡ ಈ ಓಟಕ್ಕೆ ಅಡ್ಡ ಬರಬಾರದೆಂದು ಅದನ್ನು ಕಿಟಕಿಯ ಅಂಚಿನ ಕಪ್ಪು ಪಟ್ಟಿಯೊಳಗೆ ಅಡಗಿಸಿದ್ದಾರೆ. ಮೊದಲ ಸಲ ಬಂದವರು ಬಾಗಿಲು ತೆಗೆಯಲು ತಡಕಾಡುತ್ತಾರೆ. ಚಾವಣಿಯಲ್ಲಿ ಇಬ್ಬರ ತಲೆಗೆ ಎರಡು ಉಬ್ಬು, ನಡುವೆ ತಗ್ಗು. ಇಷ್ಟು ವರ್ಷವಾದರೂ ಸಂಜೆಯ ಬೆಳಕಿನಲ್ಲಿ ಆ ತಗ್ಗನ್ನು ಕಂಡಾಗ ನಾನು ಕೈಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ.

ನಾನು ಹೇಳುತ್ತಿರುವುದು ಮೂರನೆಯ ತಲೆಮಾರಿನ ಆರ್‌ಎಕ್ಸ್-7 ಬಗ್ಗೆ. ಬಳಗದವರ ಬಾಯಲ್ಲಿ ಅದು ಬರೀ ‘ಎಫ್‌ಡಿ’. 1991ರಿಂದ 2002ರವರೆಗೆ ತಯಾರಾಯಿತು. ಆ ಯೋಜನೆಯ ಹೊಣೆ ಹೊತ್ತಿದ್ದವರು ತಕಹರು ಕೊಬಯಕಾವ. ಅವರ ತಂಡಕ್ಕೆ ತೂಕವೇ ಶತ್ರು. ಬಾನೆಟ್ಟು ಅಲ್ಯೂಮಿನಿಯಂ, ಸಸ್ಪೆನ್ಷನ್ನಿನ ತೋಳುಗಳು ಅಲ್ಯೂಮಿನಿಯಂ. ಗೇರ್‌ಬಾಕ್ಸಿನಿಂದ ಡಿಫರೆನ್ಶಿಯಲ್‌ವರೆಗೆ ಹಾಸಿದ ಒಂದೇ ಚೌಕಟ್ಟು ಎರಡನ್ನೂ ಬಿಗಿಯಾಗಿ ಹಿಡಿಯುತ್ತದೆ. ಎಲ್ಲ ಸೇರಿ 1,300 ಕಿಲೋ ಆಸುಪಾಸು. ಆ ಭಾರ ಮುಂದಕ್ಕೂ ಹಿಂದಕ್ಕೂ ಸರಿಸುಮಾರು ಸಮಪಾಲು. ಸಿಡ್ನಿಯ ಪಶ್ಚಿಮಕ್ಕಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ನಿಂತಿರುವುದು 1993ರದ್ದು.

ಮೂವತ್ತು ದಾಟಿದ ಈ ಕಾರಿನಲ್ಲಿ ಲೋಹಕ್ಕಿಂತ ಮೊದಲು ಮುಪ್ಪಾಗುವುದು ರಬ್ಬರು. ಇನ್‌ಟೇಕಿನ ಅಡಿಯಲ್ಲಿ, ಕೈ ಹೋಗದ ಜಾಗದಲ್ಲಿ, ಬೆರಳಿಗಿಂತ ಸಣ್ಣ ಹೋಸುಗಳ ಗೋಜಲೊಂದಿದೆ. ಪಳಗಿದವರು ಅದನ್ನು ಇಲಿಗೂಡು ಎಂದೇ ಕರೆಯುತ್ತಾರೆ. ಟರ್ಬೊಗಳ ಪಕ್ಕದಲ್ಲೇ ಬೆಂದು ಬೆಂದು ಅವು ಕಡ್ಡಿಯಂತೆ ಸೆಟೆದಿರುತ್ತವೆ, ಬಗ್ಗಿಸಿದರೆ ಚಟ್ಟನೆ ಮುರಿಯುತ್ತವೆ. ಒಂದೊಂದನ್ನೇ ತೆಗೆದು, ಅದೇ ಉದ್ದಕ್ಕೆ ಹೊಸ ಸಿಲಿಕೋನ್ ಹೋಸು ಕತ್ತರಿಸಿ, ಅದೇ ಮೂತಿಗೆ ತೊಡಿಸಿ, ಗುರುತು ಹಾಕಿ ಮುಂದಕ್ಕೆ ಹೋಗಬೇಕು. ಎರಡನ್ನು ಒಟ್ಟಿಗೆ ತೆಗೆದರೆ ಲೆಕ್ಕ ತಪ್ಪುತ್ತದೆ. ಹೊರಗಿನವರಿಗೆ ಬೇಸರದ ಕೆಲಸವೆನಿಸೀತು. ನನಗೆ ಇದು ಕಾರಿನ ನರನಾಡಿ ಕಲಿಯುವ ಪಾಠ. ಯಾವ ಒತ್ತಡ ಎಲ್ಲಿಂದ ಹೊರಟು ಯಾವ ವಾಲ್ವಿಗೆ ಅಪ್ಪಣೆ ಕೊಡುತ್ತದೆ ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಬೆರಳಿಗೆ ತಿಳಿಯುತ್ತದೆ.

ಈ ಕಾರಿನ ಜೀವ ಇರುವುದು ಇನ್ನೂ ಒಳಗೆ. ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ನಡು ತುಸು ಸೊರಗಿದ ಉದ್ದುರುಟು ಕೋಣೆ, ಅದರಲ್ಲಿ ಬದಿಗಳು ಉಬ್ಬಿಕೊಂಡ ಮುಮ್ಮೂಲೆಯ ರೋಟರ್. ಹಳೇ ಒರಳಿನಲ್ಲಿ ಗುಂಡುಕಲ್ಲು ತಾನೂ ತಿರುಗುತ್ತ ಗೋಡೆಯನ್ನು ಸವರಿಕೊಂಡು ಸುತ್ತುವುದನ್ನು ನೋಡಿದವರಿಗೆ ಈ ಚಲನೆಯನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ಮೂಲೆಗಳೂ ಯಾವಾಗಲೂ ಗೋಡೆಗೆ ತಾಗಿಕೊಂಡೇ ಇರುತ್ತವೆ. ಅವುಗಳ ನಡುವಿನ ಮೂರು ಜಾಗಗಳು ಹಿಗ್ಗುತ್ತ ಕುಗ್ಗುತ್ತ ಗಾಳಿ ಎಳೆದು, ಒತ್ತಿ, ಉರಿಸಿ, ಹೊರಹಾಕುತ್ತವೆ. ಶಾಫ್ಟ್ ಮೂರು ಸುತ್ತು ಹಾಕುವಷ್ಟರಲ್ಲಿ ರೋಟರ್ ಹಾಕುವುದು ಒಂದೇ ಸುತ್ತು. ಹಿಂದೆ ಮುಂದೆ ಬಡಿದಾಡುವ ಭಾಗವೇ ಇಲ್ಲದ್ದರಿಂದ ನಡುಕವೂ ಇಲ್ಲ.

ಆ ಕೋಣೆಯ ಆಕಾರವನ್ನು ನಿರ್ಧರಿಸುವುದು ಎರಡೇ ಅಂಕಿ: ಶಾಫ್ಟಿನ ಓರೆ 15 ಮಿಲಿಮೀಟರ್, ರೋಟರಿನ ನಡುವಿನಿಂದ ಮೂಲೆಗೆ 105 ಮಿಲಿಮೀಟರ್. 1967ರ ಕಾಸ್ಮೊ ಸ್ಪೋರ್ಟ್ ಕಾರಿನ 10ಎ ಎಂಜಿನ್ನಿನಲ್ಲೂ ಇವೇ ಅಂಕಿ, ಮೊದಲ ಆರ್‌ಎಕ್ಸ್-7ರ 12ಎಯಲ್ಲೂ ಇವೇ, ಎಫ್‌ಡಿಯ 13ಬಿಯಲ್ಲೂ ಇವೇ. ರೋಟರಿನ ಅಗಲ ಮಾತ್ರ 60ರಿಂದ 70ಕ್ಕೆ, 70ರಿಂದ 80ಕ್ಕೆ ಏರಿತು. ಹೀಗೆ ಒಂದು ರೋಟರಿಗೆ 654 ಸಿಸಿ, ಎರಡಕ್ಕೆ 1,308 ಸಿಸಿ. ಒಂದು ವಕ್ರರೇಖೆಯನ್ನು ನಂಬಿ ಒಂದು ಕಂಪನಿ ದಶಕಗಟ್ಟಲೆ ಅದರ ಮೇಲೆಯೇ ನಿಂತದ್ದು ನನಗೆ ದೊಡ್ಡ ಸಂಗತಿ.

ನಿಲ್ಲಬೇಕಾದ ಅನಿವಾರ್ಯವೂ ಇತ್ತು. ಹಿರೋಶಿಮಾದ ಟೊಯೊ ಕೊಗ್ಯೊ, ಅಂದರೆ ಮುಂದೆ ಮಜ್ದಾ ಎಂದಾದ ಕಂಪನಿ, 1920ರಲ್ಲಿ ಬೆಂಡಿನ ವ್ಯಾಪಾರದಿಂದ ಶುರುವಾದದ್ದು. 1960ರ ಸುಮಾರಿಗೆ ಜಪಾನ್ ಸರ್ಕಾರ ಸಣ್ಣ ಕಾರು ಕಂಪನಿಗಳನ್ನು ದೊಡ್ಡವರ ಜೊತೆ ಸೇರಿಸುವ ಆಲೋಚನೆಯಲ್ಲಿತ್ತು. ತನ್ನದೇ ಎನ್ನುವ ತಂತ್ರಜ್ಞಾನವಿಲ್ಲದೆ ಉಳಿಗಾಲವಿಲ್ಲವೆಂದು ಅಧ್ಯಕ್ಷ ತ್ಸುನೆಜಿ ಮತ್ಸುದಾ ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ಫೆಲಿಕ್ಸ್ ವಾಂಕೆಲ್‌ನ ರೋಟರಿ ಎಂಜಿನ್ನಿಗೆ ಪರವಾನಗಿ ತಂದರು. ಬಂದದ್ದು ಕಾಗದದ ಮೇಲೆ ಸುಂದರ, ಓಡಿಸಿದರೆ ರೋಗಿಷ್ಠ. ಕೆನಿಚಿ ಯಮಮೊಟೊ ಮುಂದಾಳತ್ವದ 47 ಮಂದಿಯ ತಂಡ ಅದರ ಹಿಂದೆ ಬಿತ್ತು. ಜಪಾನಿನ ಕಥೆಗಳಲ್ಲಿ ಒಡೆಯನಿಗಾಗಿ ಪ್ರಾಣ ಒತ್ತೆಯಿಟ್ಟ 47 ಸಮುರಾಯಿಗಳಿದ್ದಾರಲ್ಲ, ಈ ತಂಡಕ್ಕೂ ಅದೇ ಹೆಸರು ಅಂಟಿತು.

ಅವರನ್ನು ಕಾಡಿದ್ದು ಗೋಡೆಯ ಮೇಲಿನ ಗೀರುಗಳು. ರೋಟರಿನ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡಿರುವ ಸಣ್ಣ ಲೋಹದ ಪಟ್ಟಿಯೇ ಅಪೆಕ್ಸ್ ಸೀಲ್. ಅದು ಓಡುತ್ತ ಅದುರಿ, ಒಳಗೋಡೆಯ ಮೇಲೆ ಅಲೆಯಲೆಯಾಗಿ ಗಾಯ ಮಾಡುತ್ತಿತ್ತು. ಅವರು ಅದನ್ನು ದೆವ್ವದ ಉಗುರಿನ ಗುರುತು ಎಂದರು. ಕೊನೆಗೆ ಹೊಳೆದದ್ದು, ತಪ್ಪು ಸವೆತದ್ದಲ್ಲ, ಕಂಪನದ್ದು ಎಂಬುದು. ಸೀಲಿನೊಳಗೆ ಅಡ್ಡಕ್ಕೂ ಉದ್ದಕ್ಕೂ ರಂಧ್ರ ಕೊರೆದು ನೋಡಿದರೆ ಅದರ ಸ್ವಂತ ಕಂಪನವೇ ಬದಲಾಗಿ ಗೀರು ನಿಂತಿತು. ಕಾಸ್ಮೊ ಮಾರುಕಟ್ಟೆಗೆ ಬರುವ ಹೊತ್ತಿಗೆ ಇಂಗಾಲವನ್ನೂ ಅಲ್ಯೂಮಿನಿಯಂ ಅನ್ನೂ ಬೆರೆಸಿದ ಸೀಲ್ ಸಿದ್ಧವಾಗಿತ್ತು. ಎಫ್‌ಡಿಯಲ್ಲಿರುವುದು ಎರಕದ ಕಬ್ಬಿಣದ್ದು, ದಪ್ಪ 2 ಮಿಲಿಮೀಟರ್. ಇಡೀ ಎಂಜಿನ್ನಿಗೆ ಅಂಥವು ಆರೇ ಆರು.

ಹಳೆಯ ಎಫ್‌ಡಿ ಕೊಳ್ಳುವವರು ಬಣ್ಣ ನೋಡುವ ಮೊದಲು ಈ ಆರು ಸೀಲುಗಳ ಮಾತು ಕೇಳಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಮೀಟರು ಹಾಕಿ, ಸ್ಟಾರ್ಟರ್ ತಿರುಗಿಸಿದರೆ ಒಂದೊಂದು ಮುಖಕ್ಕೆ ಒಂದರಂತೆ ಮೂರು ಉಸಿರು ಬರುತ್ತವೆ: ಪುಸ್, ಪುಸ್, ಪುಸ್. ಮೂರೂ ಒಂದೇ ಸಮ ಇದ್ದರೆ ಸರಿ. ಯಾವುದಾದರೂ ಸಣ್ಣಗಾದರೆ ಎಂಜಿನ್ ಇಳಿಸಲೇಬೇಕು.

ಇಳಿಸಿದ್ದಾಯಿತು ಎನ್ನಿ. ಬಿಚ್ಚಿಟ್ಟ ಎಂಜಿನ್ ಆಶ್ಚರ್ಯ ಹುಟ್ಟಿಸುವಷ್ಟು ಚಿಕ್ಕದು. ಇಬ್ಬರು ಹಿಡಿದು ಭಾಗಗಳನ್ನೆಲ್ಲ ಮೇಜಿನ ಮೇಲೆ ಹರಡಬಹುದು. ಕಬ್ಬಿಣದ ಮೂರು ತಟ್ಟೆಗಳು, ಅವುಗಳ ನಡುವೆ ಅಲ್ಯೂಮಿನಿಯಂನ ಎರಡು ಹೌಸಿಂಗು, ಎರಡು ರೋಟರು, ಒಂದು ಶಾಫ್ಟು. ಹೌಸಿಂಗಿನ ಒಳಗೋಡೆಗೆ ಕ್ರೋಮ್ ಲೇಪವಿದೆ. ದೀಪ ಓರೆಯಾಗಿ ಹಿಡಿದು, ಉಗುರಿನ ತುದಿಯಿಂದ ನಿಧಾನಕ್ಕೆ ಸುತ್ತ ಸವರಬೇಕು. ಚೆನ್ನಾಗಿ ಉಳಿದ ಹೌಸಿಂಗಿನಲ್ಲಿ ಉಗುರು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಲಕ್ಷಾಂತರ ಬಾರಿ ಬೆಂಕಿ ಕಂಡ ಗೋಡೆ ಅದು. ಅದರ ಮೇಲೆ ಕೈಯಿಟ್ಟಾಗ ಆ 47 ಮಂದಿ ಗೆದ್ದದ್ದು ಏನೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಜೋಡಿಸುವುದರಲ್ಲಿ ನನಗೆ ಅತಿ ಪ್ರಿಯವಾದದ್ದು ಸೈಡ್ ಸೀಲುಗಳ ಕೆಲಸ. ರೋಟರಿನ ಎರಡೂ ಮುಖದಲ್ಲಿ ಮೂಲೆಯಿಂದ ಮೂಲೆಗೆ ಬಿಲ್ಲಿನಂತೆ ಬಾಗಿದ, ತೀರ ತೆಳುವಾದ ಲೋಹದ ಎಳೆಗಳು ಕೂರುತ್ತವೆ, ಒಟ್ಟು ಹನ್ನೆರಡು. ಎಳೆಯ ತುದಿಗೂ ಮೂಲೆಯ ಗುಂಡುಸೀಲಿಗೂ ನಡುವೆ ಬಿಡಬೇಕಾದ ಸಂದು 0.05ರಿಂದ 0.15 ಮಿಲಿಮೀಟರ್. ಸಂದು ಹೆಚ್ಚಾದರೆ ಒತ್ತಡ ಸೋರುತ್ತದೆ, ಇಲ್ಲವಾದರೆ ಕಾದಾಗ ಹಿಗ್ಗಲು ಜಾಗವಿಲ್ಲದೆ ಸಿಕ್ಕಿಕೊಳ್ಳುತ್ತದೆ. ಸೀಲು ತುಸು ಉದ್ದವಾಗಿಯೇ ಬರುತ್ತದೆ. ತುದಿಯನ್ನು ನಯವಾದ ಅರದಿಂದ ಎರಡು ಸಲ ಉಜ್ಜು, ಕೂರಿಸು, ಫೀಲರ್ ಗೇಜಿನ ಎಲೆ ತೂರಿಸು, ಮತ್ತೆ ತೆಗೆ. ಎಲೆ ಜಾರಲೂ ಬಾರದು, ಹಟ ಹಿಡಿಯಲೂ ಬಾರದು. ಗೇಜು ಅಂಕಿ ಹೇಳುತ್ತದೆ ನಿಜ, ಆದರೆ ಸರಿಯಾಯಿತೆಂದು ಮೊದಲು ಗೊತ್ತಾಗುವುದು ಹೆಬ್ಬೆರಳಿಗೆ. ಹನ್ನೆರಡಕ್ಕೂ ಹೀಗೆಯೇ. ಒಂದರ ಜಾಗಕ್ಕೆ ಇನ್ನೊಂದು ಹೋಗದಂತೆ ಪ್ರತಿಯೊಂದಕ್ಕೂ ಗುರುತು ಹಾಕಿಡಬೇಕು.

ಆಮೇಲೆ ವ್ಯಾಸಲೀನು. ಔಷಧಿ ಅಂಗಡಿಯಲ್ಲಿ ಸಿಗುವ ಅದೇ ವ್ಯಾಸಲೀನನ್ನು ಸೀಲುಗಳಿಗೆ ಸವರಿದರೆ ಜೋಡಣೆ ಮುಗಿಯುವ ತನಕ ಅವು ಜಾಗ ಬಿಟ್ಟು ಕದಲುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಕರಗಿ ಹೋಗುತ್ತದೆ. ತಟ್ಟೆಯ ಮೇಲೆ ಹೌಸಿಂಗು, ಅದರೊಳಗೆ ರೋಟರು, ಹೀಗೆ ಒಂದರ ಮೇಲೊಂದು. ನಡುವಿನ ತಟ್ಟೆ ಇಳಿಸುವಾಗ ಇನ್ನೊಬ್ಬರು ಬೇಕೇ ಬೇಕು: ಒಬ್ಬರು ಶಾಫ್ಟನ್ನು ತುಸು ಮೇಲೆತ್ತಿ ಹಿಡಿದರೆ ಮಾತ್ರ ತಟ್ಟೆ ಅದರ ಓರೆಯನ್ನು ದಾಟಿ ಕೆಳಗೆ ಬರುತ್ತದೆ. ಎಲ್ಲವನ್ನೂ ಉದ್ದನೆಯ ಬೋಲ್ಟುಗಳು ಈ ತುದಿಯಿಂದ ಆ ತುದಿಗೆ ಬಿಗಿಯುತ್ತವೆ. ಕಬ್ಬಿಣ ಒಂದು ಅಳತೆಗೆ ಹಿಗ್ಗಿದರೆ ಅಲ್ಯೂಮಿನಿಯಂ ಇನ್ನೊಂದು ಅಳತೆಗೆ ಹಿಗ್ಗುತ್ತದೆ. ನಡುವೆ ನೀರು ತಡೆಯುವ ರಬ್ಬರು ಬಳೆಗಳು ಆ ಎಳೆದಾಟವನ್ನೆಲ್ಲ ತಾಳಿಕೊಳ್ಳಬೇಕು. ಎಂಜಿನ್ ಒಮ್ಮೆ ಮಿತಿಮೀರಿ ಕಾದರೆ ಮೊದಲು ಸೋಲುವುದು ಅವೇ.

ಹಾಗಾಗಿ ಎಫ್‌ಡಿಯನ್ನು ಮಾರ್ಪಡಿಸುವ ಮಾತು ಬಂದಾಗ ನನ್ನ ಹಣ ಮೊದಲು ಹೋಗುವುದು ತಂಪಿಗೆ. ದಪ್ಪನೆಯ ಅಲ್ಯೂಮಿನಿಯಂ ರೇಡಿಯೇಟರ್ ಬೇಕು, ಕಂಪನಿಯದಕ್ಕಿಂತ ದೊಡ್ಡ ಇಂಟರ್‌ಕೂಲರ್ ಬೇಕು. ನೀರಿನಿಂದ ಗಾಳಿ ಬೇರ್ಪಡಿಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ವರ್ಷಗಳ ಬಿಸಿಗೆ ಬಿರುಕು ಬಿಡುತ್ತದೆ. ಅದರ ಜಾಗಕ್ಕೆ ಲೋಹದ್ದು ಬರಬೇಕು. ಸೈಲೆನ್ಸರ್ ಬಿಚ್ಚಿ ದೊಡ್ಡ ಕೊಳವೆ ಹಾಕುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ಹೊಗೆಯ ದಾರಿ ಸಲೀಸಾದರೆ ಮೂಲ ವೇಸ್ಟ್‌ಗೇಟಿನ ಸಣ್ಣ ಬಾಯಿಗೆ ಟರ್ಬೊವಿನ ಒತ್ತಡ ತಡೆಯಲಾಗದು, ಬೂಸ್ಟ್ ತಾನೇ ಏರುತ್ತ ಹೋಗುತ್ತದೆ. ಅದಕ್ಕೆ ತಕ್ಕ ಪೆಟ್ರೋಲು ಸಿಗದೆ ಒಳಗೆ ಒಂದೇ ಒಂದು ಕೆಟ್ಟ ಸ್ಫೋಟವಾದರೆ ಆ ಎರಡು ಮಿಲಿಮೀಟರಿನ ಸೀಲ್ ತುಂಡಾಗುತ್ತದೆ, ತುಂಡು ಹೊರಬೀಳುವ ದಾರಿಯಲ್ಲಿ ಟರ್ಬೊವನ್ನೂ ಹಾಳುಮಾಡುತ್ತದೆ.

ಎರಡು ಟರ್ಬೊ ತೆಗೆದು ಒಂದು ದೊಡ್ಡದನ್ನು ಹಾಕುವವರು ಬಹಳ. ಇಲಿಗೂಡಿನ ಕಾಟ ತಪ್ಪುತ್ತದೆ, ಶಕ್ತಿಯೂ ಹೆಚ್ಚುತ್ತದೆ, ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಮೂಲದ ಜೋಡಿಗೇ. ಕೆಳಗಿನ ವೇಗದಲ್ಲಿ ಮೊದಲ ಟರ್ಬೊ ಒಂದೇ ದುಡಿಯುತ್ತದೆ. ಎರಡನೆಯದು ಒಳಗೊಳಗೇ ಸುತ್ತಿಕೊಂಡು ಸಜ್ಜಾಗುತ್ತಿರುತ್ತದೆ. 4,500ರ ಹತ್ತಿರ ಸೂಜಿ ಬಂದಾಗ ಒತ್ತಡ ಅರೆಕ್ಷಣ ತಗ್ಗಿ, ಎರಡೂ ಒಂದಾಗಿ ಮತ್ತೆ ಏರುತ್ತದೆ. ಹೋಸುಗಳೆಲ್ಲ ಸರಿಯಿರುವ ಗಾಡಿಯಲ್ಲಿ ಆ ಕೈಬದಲಾವಣೆ ಬೆನ್ನಿಗೆ ತಾಗುವ ಸೊಗಸು ಯಾವ ದೊಡ್ಡ ಟರ್ಬೊದಲ್ಲೂ ಇಲ್ಲ. 1990ರ ದಶಕದ ಜಪಾನಿನ ಎಂಜಿನಿಯರುಗಳು ಇಷ್ಟೊಂದು ಕೊಳವೆ, ಸೊಲೆನಾಯ್ಡು, ವಾಲ್ವುಗಳನ್ನು ಹೆಣೆದದ್ದು ಈ ಒಂದು ಗಳಿಗೆಗಾಗಿ. ಅದನ್ನು ಕಿತ್ತೆಸೆಯಲು ನನಗೆ ಕೈ ಬಾರದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕು ಓಡಿಸಿ ಬೆಳೆದವರಿಗೆ ಈ ಕಾರಿನ ಒಂದು ಅಭ್ಯಾಸ ಕೂಡಲೇ ಪರಿಚಯವಾಗುತ್ತದೆ. ರೋಟರಿ ಎಂಜಿನ್ ತನ್ನ ಸೀಲುಗಳಿಗಾಗಿ ಎಣ್ಣೆಯನ್ನು ಬೇಕೆಂದೇ ಉರಿಸುತ್ತದೆ. ಪುಟ್ಟ ಪಂಪೊಂದು ಅದನ್ನು ತೊಟ್ಟು ತೊಟ್ಟಾಗಿ ಒಳಗೆ ಬಿಡುತ್ತದೆ. ಅಷ್ಟಕ್ಕೇ ಬಿಡದೆ ನಾವು ಅನೇಕರು ಪೆಟ್ರೋಲ್ ಟ್ಯಾಂಕಿಗೂ ಟೂ-ಸ್ಟ್ರೋಕ್ ಆಯಿಲ್ ಸುರಿಯುತ್ತೇವೆ, ಯೆಜ್ಡಿಗೆ ಬೇಕಾಗುತ್ತಿದ್ದುದರಲ್ಲಿ ಸಣ್ಣ ಪಾಲು. ಬಂಕಿನಲ್ಲಿ ಆ ಡಬ್ಬಿಯ ಮುಚ್ಚಳ ತೆಗೆದರೆ ಬರುವ ವಾಸನೆಗೆ ನಾನು ಪ್ರತಿ ಸಲವೂ ಮೈಸೂರಿನ ಸರಸ್ವತೀಪುರಂನ ರಸ್ತೆಗೆ ಹೋಗಿ ಬರುತ್ತೇನೆ.

ಪೆಟ್ರೋಲ್ ಇದಕ್ಕೆ ಬಹಳ ಬೇಕು. ಉದ್ದಕ್ಕೆ ಹಬ್ಬಿದ ತೆಳು ಕೋಣೆಯಲ್ಲಿ ಬೆಂಕಿ ತನ್ನ ಬಿಸಿಯನ್ನು ಗೋಡೆಗೇ ಒಪ್ಪಿಸಿಬಿಡುತ್ತದೆ. ಒಂದೊಂದು ರೋಟರಿಗೆ ಎರಡೆರಡು ಪ್ಲಗ್ ಇಟ್ಟಿರುವುದೂ ಉರಿ ತುದಿಯವರೆಗೂ ತಲುಪಲೆಂದೇ. ಇದೇ ಆಕಾರ 1991ರ ಜೂನಿನಲ್ಲಿ ಲೆ ಮಾನ್‌ನ 24 ಗಂಟೆಗಳ ಓಟವನ್ನು ಗೆದ್ದದ್ದೂ ಹೌದು. ಕಿತ್ತಳೆ-ಹಸಿರು ಬಣ್ಣದ, 55ನೇ ಅಂಕಿಯ 787ಬಿಯಲ್ಲಿ ಇದ್ದದ್ದು ನಾಲ್ಕು ರೋಟರು. ಲೆ ಮಾನ್ ಗೆದ್ದ ಮೊದಲ ಜಪಾನಿ ಕಾರು ಅದು. ಅದೇ ವರ್ಷದ ಕೊನೆಗೆ ಎಫ್‌ಡಿ ಬಂತು.

ಇಲ್ಲಿಂದ ಬ್ಲೂ ಮೌಂಟನ್ಸ್ ದಾಟಿದರೆ ಬ್ಯಾಥರ್ಸ್ಟ್ ಊರು. ಅಲ್ಲಿನ ಮೌಂಟ್ ಪನೋರಮಾದ 12 ಗಂಟೆಗಳ ಓಟವನ್ನು ಆರ್‌ಎಕ್ಸ್-7 1992, 1993, 1994ರಲ್ಲಿ ಸತತವಾಗಿ ಗೆದ್ದಿತು. ಓಟವಿಲ್ಲದ ದಿನ ಅದು ಎಲ್ಲರ ರಸ್ತೆ, ಮಿತಿ ಗಂಟೆಗೆ 60 ಕಿಲೋಮೀಟರ್. ಬೆಟ್ಟದ ಏರಿನಲ್ಲಿ ಮೂರನೆಯ ಗೇರಿಗೆ ಹಾಕಿ ಕಿಟಕಿ ಇಳಿಸಿದರೆ ಎರಡೂ ರೋಟರುಗಳು ಸೇರಿ ಒಂದೇ ಎಳೆಯ ದನಿ. ಈ ಎಂಜಿನ್ ನಡುಗದೆ, ಏದುಸಿರು ಬಿಡದೆ 8,000ದವರೆಗೂ ಏರುತ್ತಲೇ ಹೋಗುವುದರಿಂದ, ಸಾಕು ಎಂದು ಎಚ್ಚರಿಸಲು ಕಂಪನಿಯೇ ಒಂದು ಬಜರ್ ಇಟ್ಟಿದೆ. ಅರವತ್ತರ ಮಿತಿಯಲ್ಲಿ ಅದು ಬಾಯಿ ತೆರೆಯುವ ಪ್ರಶ್ನೆಯಿಲ್ಲ. ಕಳೆದ ಸಲ ಇಳಿಜಾರಿನಲ್ಲಿ ಕಾಲು ತೆಗೆದಾಗ ಹಿಂದಿನಿಂದ ಕಟ್ ಎಂಬ ಸಣ್ಣ ಸದ್ದು ಬಂತು; ಡಿಫರೆನ್ಶಿಯಲ್ಲಿನ ಬುಷ್ ಸವೆದಿದೆ. ಬರುವ ಚಳಿಗಾಲಕ್ಕೆ ಆ ಕೆಲಸ.